ಮಿದುಳಿನ ಚಿತ್ರವೂ ಮನಸ್ಸಿನ ಸಾಕ್ಷ್ಯವೂ

ಮಹಾನಗರದಲ್ಲಿ ನೆಲೆಸಿದ ಮಧ್ಯಮವರ್ಗದ ಯಾವ ಮನೆಯ ಕಪಾಟನ್ನು ತೆರೆದರೂ ವಿಮೆಯ ಕಾಗದಪತ್ರ, ಮಕ್ಕಳ ಅಂಕಪಟ್ಟಿ, ಊರಿನ ಜಮೀನಿನ ಪಹಣಿ ಇವುಗಳ ನಡುವೆ ಅಗಲವಾದ ಲಕೋಟೆಯೊಂದು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಹಿರಿಯರ ಎದೆಯ ಎಕ್ಸ್-ರೇ, ಯಾರದೋ ಮೊಣಕಾಲಿನ ಫಲಕ, ಈಚಿನ ವರ್ಷಗಳಲ್ಲಿ ಎಂ.ಆರ್.ಐ.ಯ ಕಪ್ಪು ಹಾಳೆಗಳು. ಮನೆ ಬದಲಾಯಿಸುವಾಗ ಹಳೆಯ ಪಾತ್ರೆಗಳನ್ನು ಬಿಟ್ಟುಬಂದಾರು, ಈ ಲಕೋಟೆಯನ್ನು ಬಿಡರು. ಶರೀರದ ಒಳಗನ್ನು ಕಂಡ ಯಂತ್ರದ ಬಗೆಗೆ ಜನರಿಗಿರುವ ಗೌರವ ಅಷ್ಟು ದೊಡ್ಡದು. ಅದು ಅನುಚಿತವೂ ಅಲ್ಲ. ಮುರಿದ ಎಲುಬು, ಮೂತ್ರಪಿಂಡದ ಕಲ್ಲು, ಶ್ವಾಸಕೋಶದ ಕ್ಷಯ ಇವನ್ನೆಲ್ಲ ಚಿತ್ರ ತೋರಿಸಿಕೊಟ್ಟಿದೆ. ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಆ ಗೌರವದ ಬೆನ್ನಿಗೇ ಒಂದು ವಿಪರೀತ ನಂಬಿಕೆಯೂ ಬೆಳೆದುಬಂದಿದೆ: ಚಿತ್ರದಲ್ಲಿ ಕಂಡದ್ದು ಮಾತ್ರ ರೋಗ, ಕಾಣದ್ದು ರೋಗಿಯ ಕಲ್ಪನೆ.

ಈ ನಂಬಿಕೆಗೆ ಹೆಚ್ಚಿನ ಬೆಲೆ ತೆರುತ್ತಿರುವವರು ಖಿನ್ನತೆಯಿಂದ ನರಳುವವರು. ಖಿನ್ನತೆಯೆಂದರೆ ಒಂದು ಸಂಜೆಯ ಬೇಸರವಲ್ಲ, ಬಂಧುವಿನ ಮರಣದಿಂದಾದ ಸಹಜ ದುಃಖವೂ ಅಲ್ಲ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿಹೋಗಿರುವುದು, ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು, ನಿದ್ದೆ ಕೆಡುವುದು, ಹಸಿವು ಇಂಗುವುದು, ಸಣ್ಣ ಕೆಲಸಕ್ಕೂ ಕೈಕಾಲು ಸೋಲುವುದು, ತಾನು ಎಲ್ಲರಿಗೂ ಹೊರೆಯೆಂಬ ಅಪರಾಧಭಾವ, ಕೊನೆಗೆ ಬದುಕೇ ಬೇಡವೆಂಬ ಯೋಚನೆ: ಇಂಥ ಲಕ್ಷಣಗಳ ಗುಂಪನ್ನು ವೈದ್ಯರು ಈ ಹೆಸರಿನಿಂದ ಕರೆಯುತ್ತಾರೆ. ಇದನ್ನು ಅನುಭವಿಸುವವರು ಮೊದಲು ಹೋಗುವುದು ಸಾಮಾನ್ಯವಾಗಿ ಮನೋವೈದ್ಯರ ಬಳಿಗಲ್ಲ. ತಲೆನೋವು, ಎದೆಭಾರ, ಹೊಟ್ಟೆಯ ಸಂಕಟ ಎಂದು ಒಬ್ಬರಾದ ಮೇಲೆ ಒಬ್ಬ ವೈದ್ಯರನ್ನು ಕಂಡು, ರಕ್ತಪರೀಕ್ಷೆಗಳೆಲ್ಲ ಮುಗಿದ ಮೇಲೆ, ಮನೆಯವರ ಸಮಾಧಾನಕ್ಕೆಂದು ತಲೆಯ ಚಿತ್ರ ತೆಗೆಸುತ್ತಾರೆ. ವರದಿ 'ನಾರ್ಮಲ್' ಎಂದು ಬರುತ್ತದೆ. ಮನೆಯಲ್ಲಿ ಅದಕ್ಕೆ ಆಗುವ ಅನುವಾದ, 'ಏನೂ ಇಲ್ಲವಂತೆ'. ಮರುದಿನದಿಂದ ರೋಗಿಯ ಮಾತಿಗೆ ಉಳಿದಿದ್ದ ಅಲ್ಪಸ್ವಲ್ಪ ಬೆಲೆಯೂ ಹೋಗುತ್ತದೆ.

ಇದಕ್ಕೆ ಎದುರಾದ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಖಿನ್ನತೆಯವರ ಮಿದುಳು ಕುಗ್ಗಿರುತ್ತದೆ, ಅದನ್ನು ವಿಜ್ಞಾನಿಗಳು ಚಿತ್ರದಲ್ಲಿ ಕಂಡುಹಿಡಿದಿದ್ದಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ್ಗೆ ಬರುತ್ತಿರುತ್ತದೆ. ಕೆಂಪು ನೀಲಿ ಬಣ್ಣ ತುಂಬಿದ ಎರಡು ಮಿದುಳುಗಳನ್ನು ಅಕ್ಕಪಕ್ಕದಲ್ಲಿ ಅಚ್ಚುಹಾಕಿ, ಒಂದು ಆರೋಗ್ಯವಂತನದು, ಇನ್ನೊಂದು ರೋಗಿಯದು ಎಂದು ಕೆಳಗೆ ಬರೆದಿರುತ್ತಾರೆ. ಅದನ್ನು ನೋಡಿದವರಿಗೆ, ಒಳ್ಳೆಯ ಯಂತ್ರವಿರುವ ಕೇಂದ್ರಕ್ಕೆ ಹೋದರೆ ತಮ್ಮ ಮನೆಯವರ ಕಾಯಿಲೆಯೂ ಹಾಗೆಯೇ ಕಂಡೀತು ಎನಿಸುವುದು ಸಹಜ. ಸಂಶೋಧನೆ ನಿಜಕ್ಕೂ ಏನನ್ನು ಕಂಡಿದೆ, ಎಷ್ಟನ್ನು ಕಂಡಿದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಈ ಎರಡು ನಂಬಿಕೆಗಳೂ ನಿಲ್ಲುವುದಿಲ್ಲ.

ಜೀವಂತ ಮನುಷ್ಯನ ಮಿದುಳನ್ನು ತಲೆಬುರುಡೆ ತೆರೆಯದೆ ಪದರಪದರವಾಗಿ ನೋಡುವುದು ಸಾಧ್ಯವಾಗಿ ಇನ್ನೂ ಬಹಳ ಕಾಲವಾಗಿಲ್ಲ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯ ಚಿತ್ರವನ್ನು ತೆಗೆಯಿತು. ಆ ಸಾಧನೆಗೆ 1979ರ ನೊಬೆಲ್ ಪ್ರಶಸ್ತಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ಬಂದಿತು. 1973ರಲ್ಲಿ ಪಾಲ್ ಲಾಟರ್‌ಬರ್ ಕಾಂತಕ್ಷೇತ್ರವನ್ನು ಬಳಸಿ ಚಿತ್ರ ಮೂಡಿಸುವ ವಿಧಾನವನ್ನು ಪ್ರಕಟಿಸಿದರು; ಅದೇ ಬೆಳೆದು ಇಂದಿನ ಎಂ.ಆರ್.ಐ. ಆಯಿತು. ವಿಕಿರಣದ ಅಪಾಯವಿಲ್ಲದೆ ಮಿದುಳಿನ ಬೂದು ಭಾಗವನ್ನೂ ಬಿಳಿ ಭಾಗವನ್ನೂ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವ ಯಂತ್ರ ದೊರೆತ ಮೇಲೆ ಮನೋವೈದ್ಯರಿಗೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹೃದಯದ ವೈದ್ಯನಿಗೆ ಇ.ಸಿ.ಜಿ. ಇದೆ, ಮಧುಮೇಹದ ವೈದ್ಯನಿಗೆ ಸಕ್ಕರೆಯ ಅಂಕಿ ಇದೆ. ಮನೋವೈದ್ಯನಿಗೆ ಮಾತ್ರ ರೋಗಿಯ ಮಾತನ್ನು ಬಿಟ್ಟರೆ ಬೇರೆ ಆಧಾರವಿಲ್ಲವೆಂಬ ಕೊರಗು ಆ ಶಾಸ್ತ್ರವನ್ನು ಬಹುಕಾಲದಿಂದ ಕಾಡಿದೆ.

ಈ ಹುಡುಕಾಟದಲ್ಲಿ ಸಂಶೋಧಕರ ಗಮನ ಮೊದಲು ಹೋದದ್ದು ಹಿಪ್ಪೊಕ್ಯಾಂಪಸ್ ಎಂಬ ಭಾಗದ ಕಡೆಗೆ. ಕಿವಿಯ ನೇರಕ್ಕೆ, ಮಿದುಳಿನ ಒಳಮಗ್ಗುಲಲ್ಲಿ ಎಡಕ್ಕೊಂದು ಬಲಕ್ಕೊಂದರಂತೆ ಸುರುಳಿಯಾಗಿ ಮಲಗಿರುವ ಈ ಭಾಗಕ್ಕೆ ಕಡಲ್ಗುದುರೆಯ ಆಕಾರವಿರುವುದರಿಂದ ಆ ಹೆಸರು. ಹೊಸ ನೆನಪುಗಳನ್ನು ಕಟ್ಟುವುದು ಅದರ ಮುಖ್ಯ ಕೆಲಸ. ದೀರ್ಘಕಾಲದ ಒತ್ತಡದಲ್ಲಿ ರಕ್ತಕ್ಕೆ ಹರಿದುಬರುವ ಕಾರ್ಟಿಸೋಲ್ ಎಂಬ ರಸಕ್ಕೆ ಅದು ವಿಶೇಷವಾಗಿ ಈಡಾಗುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಮೊದಲೇ ತಿಳಿದಿತ್ತು. 1996ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇವೆಟ್ ಶೆಲಿನ್ ಮತ್ತು ಸಂಗಡಿಗರು, ಮತ್ತೆ ಮತ್ತೆ ಖಿನ್ನತೆಗೆ ಒಳಗಾಗಿ ಆಗ ಗುಣವಾಗಿದ್ದ 10 ಮಂದಿಯನ್ನು ಆರೋಗ್ಯವಂತರಾದ 10 ಮಂದಿಯೊಂದಿಗೆ ಹೋಲಿಸಿದರು. ಖಿನ್ನತೆಯ ಇತಿಹಾಸವಿದ್ದವರಲ್ಲಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿತ್ತು. 1999ರಲ್ಲಿ ಅದೇ ತಂಡ 24 ಮಹಿಳಾ ರೋಗಿಗಳನ್ನು ಪರೀಕ್ಷಿಸಿ, ಖಿನ್ನತೆಯಲ್ಲಿ ಕಳೆದ ದಿನಗಳು ಹೆಚ್ಚಿದಷ್ಟೂ ಈ ಕುಗ್ಗುವಿಕೆ ಹೆಚ್ಚೆಂದು ವರದಿ ಮಾಡಿತು. ಈ ನಡುವೆ 1997ರಲ್ಲಿ ವೇಯ್ನ್ ಡ್ರೆವೆಟ್ಸ್ ಮತ್ತು ಸಂಗಡಿಗರು ಹಣೆಯ ಹಿಂದಿನ ಮಿದುಳಿನ ಒಳಭಾಗದ ಒಂದು ಸಣ್ಣ ಪ್ರದೇಶದಲ್ಲಿ, ಕುಟುಂಬದಲ್ಲಿಯೇ ಕಾಯಿಲೆಯಿದ್ದ ರೋಗಿಗಳಲ್ಲಿ, ಬೂದು ದ್ರವ್ಯ ಸುಮಾರು ಶೇಕಡಾ 40ಕ್ಕೂ ಹೆಚ್ಚಿಗೆ ಕಡಿಮೆಯಿದೆಯೆಂದು ತೋರಿಸಿದಾಗ, ಕೊನೆಗೂ ಖಿನ್ನತೆಯ ವಿಳಾಸ ಸಿಕ್ಕಿತೆಂದು ಅನೇಕರು ಭಾವಿಸಿದರು.

ಸಿಕ್ಕಿರಲಿಲ್ಲ. ಹತ್ತು ಜನ, ಇಪ್ಪತ್ತು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಆಕಸ್ಮಿಕದ ಪಾಲು ದೊಡ್ಡದು. ವ್ಯತ್ಯಾಸ ಕಂಡವರು ಪ್ರಕಟಿಸುತ್ತಾರೆ. ಕಾಣದವರ ಲೇಖನ ಮೇಜಿನ ಕೆಳಗಿನ ಅರೆಯಲ್ಲಿ ಉಳಿಯುತ್ತದೆ. 2011ರಲ್ಲಿ ಜಾನ್ ಅಯೋನಿಡಿಸ್ ಎಂಬ ಸಂಖ್ಯಾಶಾಸ್ತ್ರ ನಿಪುಣರು ಮಾನಸಿಕ ರೋಗಗಳಲ್ಲಿ ಮಿದುಳಿನ ಗಾತ್ರವನ್ನು ಅಳೆದ ಪ್ರಬಂಧಗಳನ್ನು ಒಟ್ಟಿಗೆ ತೂಗಿ ನೋಡಿ, ಅವುಗಳಲ್ಲಿ 'ವ್ಯತ್ಯಾಸವಿದೆ' ಎನ್ನುವ ಫಲಿತಾಂಶಗಳು ನ್ಯಾಯವಾಗಿ ಇರಬೇಕಾದುದಕ್ಕಿಂತ ಬಹಳ ಹೆಚ್ಚಾಗಿವೆಯೆಂದು ತೋರಿಸಿದರು. ಇದರಲ್ಲಿ ಮೋಸವಿತ್ತೆಂದಲ್ಲ. ಆಸೆಯಿತ್ತು, ಅಷ್ಟೆ.

ಇದನ್ನು ತಿದ್ದಿದವರು ಹೊರಗಿನ ವಿಮರ್ಶಕರಲ್ಲ, ಸಂಶೋಧಕರೇ ಎಂಬುದನ್ನು ಮೆಚ್ಚಬೇಕು. ನಾನಾ ದೇಶಗಳ ಪ್ರಯೋಗಾಲಯಗಳು ತಮ್ಮ ತಮ್ಮ ಚಿತ್ರಗಳನ್ನು ಒಂದೇ ಅಳತೆಗೋಲಿನಿಂದ ಅಳೆದು ಒಟ್ಟುಗೂಡಿಸುವ 'ಎನಿಗ್ಮ' ಎಂಬ ಸಹಕಾರಿ ಯೋಜನೆಯೊಂದು ಹುಟ್ಟಿಕೊಂಡಿತು. ಅದರ ಖಿನ್ನತೆಯ ವಿಭಾಗದ ಪರವಾಗಿ ಲಿಯಾನ್ ಶ್ಮಾಲ್ ಮತ್ತಿತರರು 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ 1,728 ರೋಗಿಗಳೂ 7,199 ಆರೋಗ್ಯವಂತರೂ ಇದ್ದರು. ಹಿಪ್ಪೊಕ್ಯಾಂಪಸ್ ಚಿಕ್ಕದಾಗಿರುವುದು ನಿಜವೆಂದು ಈ ದೊಡ್ಡ ಲೆಕ್ಕವೂ ಒಪ್ಪಿತು. ಆದರೆ ಎಷ್ಟು ಚಿಕ್ಕದು? ಸರಾಸರಿಯಲ್ಲಿ ಶೇಕಡಾ 1.24. ಈ ಅಂಗದ ಗಾತ್ರ ಒಂದು ಮಗ್ಗುಲಲ್ಲಿ ಹೆಚ್ಚುಕಡಿಮೆ ನಾಲ್ಕು ಘನ ಸೆಂಟಿಮೀಟರ್. ಅದರಲ್ಲಿ ಶೇಕಡಾ 1.24 ಎಂದರೆ ಒಂದು ಹನಿ ನೀರಿನಷ್ಟು. ಅದೂ ಮರುಕಳಿಸುವ ಖಿನ್ನತೆಯಿದ್ದವರಲ್ಲಿ ಮತ್ತು ಎಳೆಯ ವಯಸ್ಸಿನಲ್ಲಿಯೇ ರೋಗ ಆರಂಭವಾದವರಲ್ಲಿ ಹೆಚ್ಚಾಗಿ ಕಂಡಿತು. ಮೊದಲ ಬಾರಿಗೆ ಖಿನ್ನರಾದವರಲ್ಲಿ ಗಣನೆಗೆ ಬರುವ ವ್ಯತ್ಯಾಸವೇ ಇರಲಿಲ್ಲ. ಮರುವರ್ಷ ಅದೇ ಯೋಜನೆಯವರು ಮಿದುಳಿನ ಹೊರಪದರವನ್ನು ಅಳೆದಾಗ ವಯಸ್ಕ ರೋಗಿಗಳಲ್ಲಿ ಕಣ್ಣುಗುಳಿಗಳ ಮೇಲಿನ ಭಾಗ, ಸಿಂಗ್ಯುಲೇಟ್, ಇನ್ಸುಲಾ ಮುಂತಾದ ಕಡೆ ಪದರ ತುಸು ತೆಳುವಾಗಿತ್ತು. ಅಲ್ಲಿಯೂ ಅಂತರ ಇಷ್ಟೇ ಸೂಕ್ಷ್ಮ.

ಸರಾಸರಿಯ ಈ ಅಂತರವನ್ನು ಅರ್ಥಮಾಡಿಕೊಳ್ಳಲು ಒಂದು ಹೋಲಿಕೆ ಸಾಕು. ಎರಡು ಜಿಲ್ಲೆಗಳ ಗಂಡಸರ ಎತ್ತರವನ್ನು ಅಳೆದಾಗ ಒಂದರ ಸರಾಸರಿ ಇನ್ನೊಂದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚಿದೆಯೆಂದು ಇಟ್ಟುಕೊಳ್ಳಬಹುದು. ಸಾವಿರಾರು ಜನರನ್ನು ಅಳೆದಿದ್ದರೆ ಆ ಒಂದು ಸೆಂಟಿಮೀಟರ್ ಸತ್ಯವೇ ಸರಿ. ಹಾಗೆಂದು ದಾದರ್ ನಿಲ್ದಾಣದಲ್ಲಿ ಇಳಿದ ಒಬ್ಬ ಪ್ರಯಾಣಿಕನ ಎತ್ತರ ನೋಡಿ ಆತ ಯಾವ ಜಿಲ್ಲೆಯವನೆಂದು ಯಾರೂ ಹೇಳಲಾರರು. ಹಿಪ್ಪೊಕ್ಯಾಂಪಸಿನ ವ್ಯತ್ಯಾಸ ಸುಮಾರಾಗಿ ಈ ಪ್ರಮಾಣದ್ದು.

ಜರ್ಮನಿಯ ಸಂಶೋಧಕರು ಇದನ್ನು ಹೋಲಿಕೆಗೆ ಬಿಡದೆ ನೇರವಾಗಿ ಪರೀಕ್ಷಿಸಿಯೇ ನೋಡಿದರು. ನಿಲ್ಸ್ ವಿಂಟರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 861 ರೋಗಿಗಳೂ 948 ಆರೋಗ್ಯವಂತರೂ ಇದ್ದರು. ಮಿದುಳಿನ ಆಕಾರವನ್ನು ಮಾತ್ರವಲ್ಲ, ಅದರ ನರತಂತುಗಳ ಜಾಲವನ್ನೂ ವಿಶ್ರಾಂತಿಯಲ್ಲಿಯೂ ಕೆಲಸದಲ್ಲಿಯೂ ಅದರ ಚಟುವಟಿಕೆಯನ್ನೂ ಅಳೆದರು. ಎರಡು ಗುಂಪುಗಳ ಅಳತೆಗಳು ಶೇಕಡಾ 87ರಿಂದ 95ರವರೆಗೆ ಒಂದರ ಮೇಲೊಂದು ಹೊಂದಿಕೊಂಡಿದ್ದವು. ಅತಿ ಹೆಚ್ಚು ವ್ಯತ್ಯಾಸ ತೋರಿದ ಒಂದೊಂದು ಅಳತೆಯನ್ನು ಆರಿಸಿಕೊಂಡು, ಒಬ್ಬ ವ್ಯಕ್ತಿ ರೋಗಿಯೋ ಅಲ್ಲವೋ ಎಂದು ಊಹಿಸಲು ಹೋದಾಗ ನೂರಕ್ಕೆ 54ರಿಂದ 56 ಸಲ ಊಹೆ ಸರಿಯಾಯಿತು. ನಾಣ್ಯ ಚಿಮ್ಮಿ ಹೇಳಿದರೂ ನೂರಕ್ಕೆ 50 ಸಲ ಸರಿಯಾಗುತ್ತದೆ. ಅನಂತರ 2024ರಲ್ಲಿ ಇದೇ ತಂಡ ಗಣಕಯಂತ್ರಗಳಿಗೆ ತಾವಾಗಿಯೇ ಕಲಿಯುವ ವಿಧಾನಗಳನ್ನೆಲ್ಲ ಅಳವಡಿಸಿ ಇನ್ನೊಮ್ಮೆ ಪ್ರಯತ್ನಿಸಿತು. ಫಲ ಹೆಚ್ಚೇನೂ ಸುಧಾರಿಸಲಿಲ್ಲ.

ಇಲ್ಲಿ ಓದುಗರು ಅವಸರದ ತೀರ್ಮಾನಕ್ಕೆ ಬರಬಾರದು. ಮಿದುಳಿನಲ್ಲಿ ವ್ಯತ್ಯಾಸ ಕಾಣದಿದ್ದರೆ ಖಿನ್ನತೆಯೆಂಬುದೇ ಇಲ್ಲವೆಂದು ಕೆಲವರು ವಾದಿಸುವುದುಂಟು. ಅರೆತಲೆನೋವಿನಿಂದ ಕತ್ತಲೆಕೋಣೆಯಲ್ಲಿ ಮಲಗಿ ವಾಂತಿ ಮಾಡಿಕೊಳ್ಳುವವರ ತಲೆಯ ಚಿತ್ರವೂ ಬಹುಮಟ್ಟಿಗೆ ನಿರ್ದೋಷವಾಗಿಯೇ ಇರುತ್ತದೆ. ಅವರ ನೋವನ್ನು ಯಾರೂ ನಟನೆಯೆನ್ನುವುದಿಲ್ಲ. ಎಂ.ಆರ್.ಐ. ಯಂತ್ರ ಒಂದು ಘನ ಮಿಲಿಮೀಟರನ್ನು ಒಂದು ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಯೊಳಗೆ ಸಾವಿರಾರು ನರಕೋಶಗಳೂ ಅವುಗಳ ಲೆಕ್ಕಕ್ಕೆ ಸಿಗದಷ್ಟು ಸಂಧಿಗಳೂ ಇರುತ್ತವೆ. ಅಲ್ಲಿ ನಡೆಯುವ ವ್ಯವಹಾರ ಯಂತ್ರದ ಕಣ್ಣಿಗೆ ಬೀಳುವಂಥದಲ್ಲ. ವಿಮಾನದಿಂದ ನೋಡಿದವನಿಗೆ ಚಾಳಿನ ಛಾವಣಿ ಕಾಣುತ್ತದೆಯೇ ಹೊರತು ಒಳಗೆ ಒಲೆ ಉರಿಯುತ್ತಿದೆಯೇ ಇಲ್ಲವೇ ಎಂಬುದು ಕಾಣುವುದಿಲ್ಲ.

ಇನ್ನು ಕಂಡ ಆ ಹನಿಯಷ್ಟು ವ್ಯತ್ಯಾಸವಾದರೂ ಖಿನ್ನತೆಯ ಕಾರಣವೋ ಪರಿಣಾಮವೋ ಎಂಬ ಪ್ರಶ್ನೆ. ಮೊದಲ ಸಲದ ರೋಗಿಗಳಲ್ಲಿ ಇಲ್ಲದಿರುವುದನ್ನು ನೋಡಿದರೆ ಅದು ಕಾಯಿಲೆ ಮರುಮರಳಿ ಬಂದುದರ ಗುರುತಿರಬಹುದು. ಆದರೆ 2002ರಲ್ಲಿ ಮೀನಾ ವೈದಿಲಿಂಗಂ ಮತ್ತಿತರರು ಖಿನ್ನತೆಯಿದ್ದ ಮಹಿಳೆಯರನ್ನು ಪರೀಕ್ಷಿಸಿದಾಗ, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರಲ್ಲಿ ಮಾತ್ರ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿತ್ತು. ಎಂದರೆ ಚಿತ್ರದಲ್ಲಿ ಕಾಣುವುದು ಕೆಲವೊಮ್ಮೆ ರೋಗವಲ್ಲ, ಹಳೆಯ ಗಾಯ. ಅದೇ ವರ್ಷ ಇನ್ನೊಂದು ತಂಡ ವಿಯೆಟ್ನಾಂ ಯುದ್ಧದ ಆಘಾತದಿಂದ ಮನಸ್ಸು ಕೆಟ್ಟ ಸೈನಿಕರನ್ನೂ ಯುದ್ಧಕ್ಕೇ ಹೋಗದ ಅವರ ಅವಳಿ ಸೋದರರನ್ನೂ ಹೋಲಿಸಿತು. ಮನೆಯಲ್ಲಿದ್ದ ಸೋದರರಲ್ಲಿಯೂ ಆ ಭಾಗ ಚಿಕ್ಕದಾಗಿಯೇ ಇತ್ತು. ಅದು ಖಿನ್ನತೆಯ ಅಧ್ಯಯನವಲ್ಲವಾದರೂ, ಕಂಡದ್ದನ್ನೆಲ್ಲ ರೋಗದ ಫಲವೆಂದು ಭಾವಿಸುವವರಿಗೆ ಒಂದು ಎಚ್ಚರಿಕೆ. ವಯಸ್ಸು, ಮದ್ಯಪಾನ, ಬೊಜ್ಜು, ಕೊನೆಗೆ ಯಂತ್ರದೊಳಗೆ ಮಲಗಿದಾಗ ತಲೆ ಅಲುಗಿಸುವುದು ಸಹ ಈ ಅಳತೆಗಳನ್ನು ಏರುಪೇರು ಮಾಡುತ್ತವೆ.

ಮಿದುಳು ಕಲ್ಲಿನಲ್ಲಿ ಕಡೆದ ಮೂರ್ತಿಯಲ್ಲ ಎಂಬುದೂ ಈ ಚಿತ್ರಗಳಿಂದಲೇ ತಿಳಿದುಬಂದ ಸಂಗತಿ. ಬಹುಶಃ ಎಲ್ಲಕ್ಕಿಂತ ಉಪಯುಕ್ತವಾದದ್ದೂ ಇದೇ. 2011ರಲ್ಲಿ ಅಮೆರಿಕದಲ್ಲಿ 120 ಮಂದಿ ವೃದ್ಧರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಒಂದು ವರ್ಷ ಕಾಲ ಕ್ರಮವಾಗಿ ನಡಿಗೆಯ ವ್ಯಾಯಾಮ ಮಾಡಿಸಿದ ಪ್ರಯೋಗದ ವರದಿ ಬಂದಿತು. ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು ಶೇಕಡಾ 2ರಷ್ಟು ಹಿಗ್ಗಿತ್ತು; ಮೈಚಾಚುವ ಲಘು ವ್ಯಾಯಾಮವನ್ನಷ್ಟೇ ಮಾಡಿದವರದು ವಯಸ್ಸಿಗೆ ತಕ್ಕಂತೆ ಕುಗ್ಗಿತ್ತು. ಅವರು ಖಿನ್ನತೆಯ ರೋಗಿಗಳಲ್ಲ, ನಿಜ. ಆದರೂ ಖಿನ್ನತೆಯಲ್ಲಿ ಕಂಡ ಶೇಕಡಾ 1.24ರ ಕೊರತೆಯನ್ನು ಕೇಳಿ 'ಮಿದುಳೇ ಹಾಳಾಯಿತು' ಎಂದು ಎದೆಗುಂದುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ತೀವ್ರ ಖಿನ್ನತೆಗೆ ಕೊಡುವ ವಿದ್ಯುತ್ ಚಿಕಿತ್ಸೆಯ ಅನಂತರವೂ ಹಿಪ್ಪೊಕ್ಯಾಂಪಸ್ ದೊಡ್ಡದಾಗುತ್ತದೆ. ಆದರೆ 281 ರೋಗಿಗಳ ಚಿತ್ರಗಳನ್ನು ಕೂಡಿಸಿ ನೋಡಿದ 2018ರ ಅಧ್ಯಯನದಲ್ಲಿ, ಹೆಚ್ಚು ಹಿಗ್ಗಿದವರು ಹೆಚ್ಚು ಗುಣವಾದರೆಂಬ ಸಂಬಂಧವೇನೂ ಕಾಣಲಿಲ್ಲ. ಗಾತ್ರ ಒಂದು ದಾರಿ ಹಿಡಿಯಿತು, ಗುಣ ಇನ್ನೊಂದು ದಾರಿ ಹಿಡಿಯಿತು.

ಹಾಗಾದರೆ ಈ ಸಂಶೋಧನೆಗೆ ಸುರಿದ ಹಣವೆಲ್ಲ ವ್ಯರ್ಥವೇ? ಹಾಗೆನ್ನುವುದು ಅನ್ಯಾಯ. ಡ್ರೆವೆಟ್ಸ್ ಮತ್ತು ಹೆಲೆನ್ ಮೇಬರ್ಗ್ ಮುಂತಾದವರು ಗುರುತಿಸಿದ ಆ ಸಣ್ಣ ಪ್ರದೇಶಕ್ಕೆ ಸೂಜಿಯಂಥ ತಂತಿಯನ್ನಿಳಿಸಿ ವಿದ್ಯುತ್ತು ಹರಿಸುವ ಶಸ್ತ್ರಚಿಕಿತ್ಸೆಯನ್ನು ಮೇಬರ್ಗ್ ಅವರ ತಂಡ 2005ರಲ್ಲಿ ಟೊರಾಂಟೋದಲ್ಲಿ, ಬೇರಾವ ಮದ್ದಿಗೂ ಬಗ್ಗದ 6 ರೋಗಿಗಳ ಮೇಲೆ ನಡೆಸಿ, ನಾಲ್ವರಲ್ಲಿ ಆರು ತಿಂಗಳು ನಿಂತ ಸುಧಾರಣೆಯನ್ನು ಕಂಡಿತು. ಜಗತ್ತೇ ಬೆರಗಾಯಿತು. ಮುಂದೆ 90 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ಕೊನೆಗೆ, ವಿದ್ಯುತ್ತು ಹರಿಸಿದವರಿಗೂ ಹರಿಸದವರಿಗೂ ಅರ್ಥಪೂರ್ಣವಾದ ಅಂತರ ಸಿಗಲಿಲ್ಲ. ದೀರ್ಘಕಾಲ ಕಾದವರಲ್ಲಿ ಸುಧಾರಣೆ ಕಂಡುದರಿಂದ ಪ್ರಯತ್ನ ನಿಂತಿಲ್ಲ. ವಿಜ್ಞಾನ ನಡೆಯುವುದೇ ಹೀಗೆ, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಆ ಹೆಜ್ಜೆಗಳು ಪ್ರಯೋಗಾಲಯದಲ್ಲಿ ಬೀಳಲಿ. ಅವು ಇನ್ನೂ ಊರಿನ ಸ್ಕ್ಯಾನ್ ಕೇಂದ್ರದವರೆಗೆ ಬಂದಿಲ್ಲ. ಮಾನಸಿಕ ರೋಗವೊಂದನ್ನು ಗುರುತಿಸಲು ಚಿಕಿತ್ಸಾಲಯದಲ್ಲಿ ಬಳಸಬಹುದಾದ ಚಿತ್ರಪರೀಕ್ಷೆ ಯಾವುದೂ ಇಲ್ಲವೆಂದು ಅಮೆರಿಕದ ಮನೋವೈದ್ಯ ತಜ್ಞರು 2018ರಲ್ಲಿ ಸಮೀಕ್ಷಿಸಿ ಬರೆದರು. ಅದಾದ ಮೇಲೆ ಬಂದ ದೊಡ್ಡ ಅಧ್ಯಯನಗಳು ಆ ಮಾತನ್ನು ಬಲಪಡಿಸಿವೆಯೇ ಹೊರತು ಅಲ್ಲಗಳೆದಿಲ್ಲ.

ಚಿತ್ರದ ಮೇಲಿನ ಮೋಹಕ್ಕೆ ಕರುಣೆಯೇ ಕಾರಣವಾಗಿರುವುದೂ ಉಂಟು. 'ಇದು ನಿನ್ನ ದೌರ್ಬಲ್ಯವಲ್ಲ, ಮಿದುಳಿನ ದೋಷ' ಎಂದು ತೋರಿಸಿದರೆ ರೋಗಿಯ ತಲೆಯ ಮೇಲಿನ ಕಳಂಕ ಇಳಿದೀತು ಎಂದು ಒಳ್ಳೆಯ ಮನಸ್ಸಿನ ವೈದ್ಯರೂ ನಂಬಿದ್ದರು. ಅನುಭವ ಬೇರೆ ಬಗೆಯದು. ಇಂಥ ವಿವರಣೆಯ ಪರಿಣಾಮವನ್ನು ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ 2013ರಲ್ಲಿ ಕೂಡಿಸಿ ನೋಡಿದಾಗ, ರೋಗಿಯನ್ನು ದೂಷಿಸುವುದು ತುಸು ಕಡಿಮೆಯಾಗುತ್ತದೆ, ಆದರೆ ಇದು ಗುಣವಾಗುವ ಕಾಯಿಲೆಯಲ್ಲವೆಂಬ ನಿರಾಶೆ ಜನರಲ್ಲಿ ಹೆಚ್ಚುತ್ತದೆ ಎಂದು ಕಂಡುಬಂತು. 2014ರಲ್ಲಿ ಅಮೆರಿಕದ ಸಂಶೋಧಕರು, ಹಿಂದೆ ಖಿನ್ನತೆಯಿದ್ದ ಕೆಲವರಿಗೆ ಹುಸಿ ಪರೀಕ್ಷೆಯೊಂದನ್ನು ಮಾಡಿ ಅವರ ಮಿದುಳಿನ ರಸಾಯನಗಳ ಸಮತೋಲ ಕೆಟ್ಟಿದೆಯೆಂದು ಹೇಳಿದರು. ಅದನ್ನು ಕೇಳಿದವರ ಆತ್ಮನಿಂದೆ ಕಡಿಮೆಯಾಗಲಿಲ್ಲ; ತಮ್ಮ ಮನಸ್ಸನ್ನು ತಾವು ತಿದ್ದಿಕೊಳ್ಳಬಲ್ಲೆವೆಂಬ ಭರವಸೆ ಮಾತ್ರ ಕುಂದಿತು. ಗಂಡು ನೋಡಲು, ಹೆಣ್ಣು ನೋಡಲು ಹೋದಲ್ಲಿ 'ಆ ಮನೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದ್ದಾರಂತೆ' ಎಂಬ ಪಿಸುಮಾತು ಏನು ಮಾಡಬಲ್ಲದೆಂದು ಬಲ್ಲವರಿಗೆ ಈ ಫಲಿತಾಂಶ ಆಶ್ಚರ್ಯವೆನಿಸಲಾರದು.

ತಲೆಯ ಚಿತ್ರವನ್ನು ತೆಗೆಸಲೇಬಾರದೆಂದು ಇದರ ಅರ್ಥವಲ್ಲ. ಎಂದೂ ಮನಸ್ಸು ಕೆಡದಿದ್ದವರಿಗೆ ಇಳಿವಯಸ್ಸಿನಲ್ಲಿ ಹಠಾತ್ತಾಗಿ ಖಿನ್ನತೆ ಬಂದರೆ, ಸ್ವಭಾವವೇ ಬದಲಾದರೆ, ಜೊತೆಗೆ ಮರೆವು, ನಡಿಗೆಯ ತಡವರಿಕೆ, ಮೂರ್ಛೆ, ಒಂದು ಕೈ ಅಥವಾ ಕಾಲಿನ ಶಕ್ತಿಗುಂದುವಿಕೆ, ಬೆಳಗಿನ ತಲೆನೋವು ವಾಂತಿಗಳಿದ್ದರೆ, ಇಲ್ಲವೆ ಈಚೆಗೆ ತಲೆಗೆ ಪೆಟ್ಟು ಬಿದ್ದಿದ್ದರೆ, ವೈದ್ಯರು ಚಿತ್ರ ತೆಗೆಸಿ ಎನ್ನುತ್ತಾರೆ, ತೆಗೆಸಲೇಬೇಕು. ಗೆಡ್ಡೆ, ಹೆಪ್ಪುಗಟ್ಟಿದ ರಕ್ತ, ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆ ಇವು ಖಿನ್ನತೆಯ ವೇಷದಲ್ಲಿ ಬರುವುದುಂಟು. ಥೈರಾಯ್ಡ್ ಗ್ರಂಥಿಯ ಮಂದತೆ, ಬಿ-12 ಜೀವಸತ್ತ್ವದ ಕೊರತೆ, ರಕ್ತಹೀನತೆ ಇವುಗಳೂ ಹಾಗೆಯೇ. ಅದಕ್ಕಾಗಿ ಕಡಿಮೆ ಖರ್ಚಿನ ರಕ್ತಪರೀಕ್ಷೆಗಳಿವೆ. ಈ ಎಲ್ಲ ಸಂದರ್ಭಗಳಲ್ಲಿ ಹುಡುಕುವುದು ಖಿನ್ನತೆಯನ್ನಲ್ಲ, ಬೇರೆಯದನ್ನು. ಆಗ ವರದಿ ನಿರ್ದೋಷವಾಗಿ ಬಂದರೆ ಅದರ ಅರ್ಥ 'ಏನೂ ಇಲ್ಲ' ಎಂದಲ್ಲ, 'ಗೆಡ್ಡೆಯಿಲ್ಲ' ಎಂದು. ವರದಿಯನ್ನು ರೋಗಿಯ ಕೈಗೆ ಕೊಡುವ ವೈದ್ಯರು ಈ ಒಂದು ವಾಕ್ಯವನ್ನು ಬಿಡಿಸಿ ಹೇಳಿದರೆ ಎಷ್ಟೋ ಮನೆಗಳಲ್ಲಿ ಅನಂತರದ ಕಠೋರತೆ ತಪ್ಪೀತು. ಅವರಿಗೆ ಸಮಯವಿಲ್ಲವೆಂಬುದೂ ನಿಜ.

ಭಾರತದಲ್ಲಿ ನಿಜವಾದ ಕೊರತೆ ಯಂತ್ರದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಮಹಾನಗರಗಳಲ್ಲಿ ಮಾನಸಿಕ ಕಾಯಿಲೆಯ ಪ್ರಮಾಣ ಹೆಚ್ಚು. ಖಿನ್ನತೆಯಿದ್ದವರಲ್ಲಿ ನೂರಕ್ಕೆ 85 ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಇವರಿಗೆ ಚಿಕಿತ್ಸೆ ತಪ್ಪಿದ್ದು ಸ್ಕ್ಯಾನ್ ಇಲ್ಲದುದರಿಂದಲ್ಲ. 1980ರ ದಶಕದಲ್ಲಿ ಇದೇ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಕಲಿಸಿದ್ದು ಮಾನಸಿಕ ರೋಗವನ್ನು ಕೇಳಿ ತಿಳಿಯುವ ವಿದ್ಯೆಯನ್ನು. ಆ ಪ್ರಯೋಗವೇ ಮುಂದೆ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಆರೋಗ್ಯ ಕೇಂದ್ರಗಳಿಗೆ ಬಂದ 495 ಖಿನ್ನತೆಯ ರೋಗಿಗಳಲ್ಲಿ ಒಂದು ಗುಂಪಿನವರೊಡನೆ, ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನ ಆರೆಂಟು ಸಲ ಕುಳಿತು ಮಾತನಾಡಿದರು. ಬಿಟ್ಟುಹೋದ ನಿತ್ಯದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳಲು ನೆರವಾದರು. ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ 39 ಮಂದಿ. ಔಷಧವನ್ನು ಇದು ಅನಾವಶ್ಯಕವೆನ್ನುವುದಿಲ್ಲ. ಮಧ್ಯಮ, ತೀವ್ರ ಖಿನ್ನತೆಯಲ್ಲಿ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳಬೇಕು. ಎರಡಕ್ಕೂ ಮೊದಲು ಯಾರಾದರೂ ಕೂತು ಕೇಳಿರಬೇಕು, ಅಷ್ಟೆ.

ಊರು ಬಿಟ್ಟುಬಂದವರ ಕಷ್ಟ ಇರುವುದು ಇಲ್ಲಿಯೇ. ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಮೂವತ್ತು ವರ್ಷ ಕಳೆದು, ಮರಾಠಿಯಲ್ಲಿ ತರಕಾರಿ ಚೌಕಾಸಿ ಮಾಡಿ, ಹಿಂದಿಯಲ್ಲಿ ರಿಕ್ಷಾದವನೊಡನೆ ಜಗಳವಾಡಿ, ಇಂಗ್ಲಿಷಿನಲ್ಲಿ ಕಚೇರಿಯ ಟಿಪ್ಪಣಿ ಬರೆಯುವವರೂ ವೈದ್ಯರೆದುರು ಕುಳಿತಾಗ ತಮ್ಮ ಸಂಕಟವನ್ನೆಲ್ಲ 'ಟೆನ್ಶನ್' ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತಾರೆ. ಯಾವುದರಲ್ಲೂ ಮನಸ್ಸಿಲ್ಲ, ಜೀವಕ್ಕೆ ಸಾಕಾಗಿದೆ, ಎದೆಯಲ್ಲಿ ಏನೋ ಕುಳಿತಂತಾಗಿದೆ, ಕೈಕಾಲಲ್ಲಿ ತ್ರಾಣವಿಲ್ಲ: ಈ ಒಂದೊಂದು ಮಾತೂ ಬಲ್ಲ ವೈದ್ಯನಿಗೆ ಒಂದೊಂದು ಬೇರೆ ಲಕ್ಷಣವನ್ನು ಹೇಳುತ್ತದೆ. 'ಟೆನ್ಶನ್' ಏನನ್ನೂ ಹೇಳುವುದಿಲ್ಲ. ಮಾತು ಸೋತ ಕಡೆ ಚಿತ್ರ ಬರುತ್ತದೆ. ಮಗನ ಮನೆಗೆಂದು ಚೆನ್ನೈಗೋ ದೆಹಲಿಗೋ ಬಂದ ವೃದ್ಧ ತಾಯಂದಿರ ಪಾಡು ಇನ್ನೂ ಕಠಿಣ. ಮಗ ದುಭಾಷಿಯಾಗಿ ಪಕ್ಕದಲ್ಲಿ ಕುಳಿತಿರುವಾಗ, ಅದೇ ಮಗನ ಮನೆಯಲ್ಲಿ ತನಗೆ ಉಸಿರುಕಟ್ಟುತ್ತಿದೆಯೆಂದು ಯಾವ ತಾಯಿ ಹೇಳಿಯಾಳು?

ಮಹಾನಗರಗಳ ಕನ್ನಡ ಸಂಘಗಳು ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ. ತೂಕ, ರಕ್ತದೊತ್ತಡ, ಸಕ್ಕರೆ, ಕಣ್ಣಿನ ಪರೀಕ್ಷೆ ಎಲ್ಲಕ್ಕೂ ಮೇಜುಗಳಿರುತ್ತವೆ. ಇವುಗಳ ಜೊತೆಗೆ ಬಾಗಿಲು ಮುಚ್ಚಬಹುದಾದ ಒಂದು ಕೋಣೆಯನ್ನೂ, ಕನ್ನಡ ಬಲ್ಲ ಮನೋವೈದ್ಯರನ್ನೋ ತರಬೇತಿ ಪಡೆದ ಸಮಾಲೋಚಕರನ್ನೋ ಒಬ್ಬರನ್ನು ಅಲ್ಲಿ ಕೂರಿಸುವುದನ್ನೂ ಕಾರ್ಯಕಾರಿ ಸಮಿತಿಗಳು ಯೋಚಿಸಬಹುದು. ಫಲಕದ ಮೇಲೆ 'ಮಾನಸಿಕ ರೋಗ ವಿಭಾಗ' ಎಂದು ದೊಡ್ಡಕ್ಷರದಲ್ಲಿ ಬರೆಸುವ ಉತ್ಸಾಹವನ್ನು ಮಾತ್ರ ತಡೆದುಕೊಳ್ಳಬೇಕು; 'ನಿದ್ದೆ ಬಾರದವರಿಗೆ ಸಲಹೆ' ಎಂದರೆ ಸಾಲು ತಾನಾಗಿ ನಿಲ್ಲುತ್ತದೆ. ಖರ್ಚಿನ ಮಾತು ಬಂದರೆ, ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೆ ಸಮನಾಗಿಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಧಿಸಿದೆಯೆಂಬುದನ್ನು ಕಪಾಟಿನ ಆ ವಿಮೆಯ ಕಾಗದವಿರುವವರು ತಿಳಿದಿರುವುದು ಒಳ್ಳೆಯದು. ಶಿಬಿರದ ದಿನದವರೆಗೆ ಕಾಯಲಾಗದವರಿಗೆ, ಬದುಕು ಬೇಡವೆಂಬ ಯೋಚನೆ ಬಂದವರಿಗೆ, ಅಂಥವರ ಮನೆಮಂದಿಗೂ, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ ಸೇವೆ ಹಗಲಿರುಳೂ ತೆರೆದಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಸಂಖ್ಯೆ 14416. ಕರೆ ಮಾಡಿದವರು ಮಾತನಾಡುವ ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಭಾಷೆಗಳಲ್ಲಿ ಕನ್ನಡವೂ ಇದೆ.